ಕೀಲಿಕೈ ಕೊಟ್ಟ ಮಾತ್ರಕ್ಕೆ

ಜಾಹೀರಾತುಗಳ ಕನ್ನಡಕ್ಕೆ ಪ್ರತ್ಯೇಕವಾದ ಒಂದು ನಿಘಂಟು ಬೇಕೆಂದು ನನಗೆ ಬಹುಕಾಲದಿಂದ ತೋರುತ್ತಿದೆ. ವಧೂವರರ ಅಂಕಣದಲ್ಲಿ ‘ಗೋಧಿವರ್ಣ’ವೆಂಬುದರ ವ್ಯಾಪ್ತಿ ಎಷ್ಟೆಂಬುದನ್ನು ಹೆತ್ತವರೆಲ್ಲರೂ ಬಲ್ಲರು. ಬಾಡಿಗೆ ಮನೆ ‘ಬಸ್ಸು ನಿಲ್ದಾಣಕ್ಕೆ ಅತಿ ಸಮೀಪ’ ಎಂದಿದ್ದರೆ ರಾತ್ರಿಯ ನಿದ್ರೆಯ ಆಸೆಯನ್ನು ಬಿಡತಕ್ಕದ್ದೆಂದು ಅರ್ಥ. ಇನ್ನು ಹಳೆಯ ಮೋಟಾರುಗಳನ್ನು ಮಾರುವವರ ಭಾಷೆಯಂತೂ ಅಲಂಕಾರಶಾಸ್ತ್ರದ ತರಗತಿಗೆ ಪಠ್ಯವಾಗಲು ಯೋಗ್ಯವಾದುದು. ‘ಒಬ್ಬರೇ ಮಾಲೀಕರು’, ‘ವೈದ್ಯರು ಬಳಸಿದ ಗಾಡಿ’, ‘ಸುಸ್ಥಿತಿಯಲ್ಲಿದೆ’, ‘ವಿದೇಶಕ್ಕೆ ತೆರಳುವುದರಿಂದ ತುರ್ತು ಮಾರಾಟ’—ಈ ನಾಲ್ಕು ವಾಕ್ಯಗಳನ್ನು ನಂಬುವುದಾದರೆ, ನಮ್ಮ ನಾಡಿನ ಹಳೆಯ ಕಾರುಗಳೆಲ್ಲ ವಿದೇಶಕ್ಕೆ ಹೊರಟ ವೈದ್ಯರವೇ ಆಗಿರಬೇಕು!

ಈ ಮಾತನ್ನು ಎತ್ತಲು ಕಾರಣವುಂಟು. ಕಳೆದ ಬೇಸಗೆಯ ರಜೆಯಲ್ಲಿ ಹಚ್ಚೊಳ್ಳಿಯ ನನ್ನ ಸೋದರಮಾವನವರು ತಮ್ಮ ವ್ಯಾನನ್ನು ಮಾರಲು ನಿಶ್ಚಯಿಸಿ, ಅದರ ಜಾಹೀರಾತನ್ನು ಬರೆದುಕೊಡುವ ಭಾರವನ್ನು ನನ್ನ ಮೇಲೆ ಹೊರಿಸಿದರು. ಕನ್ನಡ ಎಂ.ಎ. ಮಾಡಿದವನಿಂದ ಒಂದು ಮನೆತನಕ್ಕೆ ಆಗಬಹುದಾದ ಪ್ರಯೋಜನಗಳು ಕೆಲವೇ: ಲಗ್ನಪತ್ರಿಕೆ, ಬೀಳ್ಕೊಡುಗೆಯ ಭಿನ್ನವತ್ತಳೆ, ಮತ್ತು ಇಂಥ ಜಾಹೀರಾತು. ನಾನು ಸಂತೋಷದಿಂದಲೇ ಕಾಗದ ಹಿಡಿದು ಕುಳಿತೆ.

ಆ ವ್ಯಾನಿನ ಪರಿಚಯವನ್ನು ಓದುಗರಿಗೆ ಮಾಡಿಕೊಡಬೇಕಾದರೆ ಮೊದಲು ಅಲ್ಲಿಯ ಮಣ್ಣಿನ ಪರಿಚಯವಾಗಬೇಕು. ಹಚ್ಚೊಳ್ಳಿಯು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿಗೆ ಸೇರಿದ ಊರು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲೆ ಈ ತಾಲೂಕಿಗೆ ಭತ್ತದ ಕಣಜವೆಂಬ ಹೆಸರು ಬಂದಿದೆ; ಹತ್ತಿ, ಮೆಣಸಿನಕಾಯಿಗಳೂ ಈ ಸೀಮೆಯ ಬೆಳೆಗಳೇ. ನೆಲ ಎರೆಯದು. ಎರೆಮಣ್ಣಿನ ಗುಣವನ್ನು ನಗರದ ಡಾಂಬರಿನ ಮೇಲೆ ಓಡಾಡುವ ನಾವು ಬಲ್ಲೆವಾದರೂ ಹೇಗೆ? ಬೇಸಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ನೀರನ್ನು ಹೀರಿ ಉಬ್ಬಿ, ಅಂಟಿನಂತಾಗಿ, ನಡೆಯುವವನ ಪಾದಕ್ಕೆ ಹೆಜ್ಜೆಗೊಂದು ಸೇರಿನಂತೆ ಮೆತ್ತಿಕೊಳ್ಳುತ್ತದೆ. ಮೋಟಾರಿನ ಚಕ್ರಗಳಿಗೂ ಅದೇ ಗತಿ. ಟೈರಿನ ಹಲ್ಲುಗಳ ಸಂದುಗಳೆಲ್ಲ ತುಂಬಿ, ಚಕ್ರವು ಬೆಣ್ಣೆ ಹಚ್ಚಿದ ಕುಂಬಳಕಾಯಿಯಂತೆ ನಿಂತಲ್ಲಿಯೇ ತಿರುಗತೊಡಗುತ್ತದೆ.

ಸಾಧಾರಣ ಮೋಟಾರಿನಲ್ಲಿ ಎಂಜಿನ್ನಿನ ಬಲವು ಎರಡೇ ಚಕ್ರಗಳಿಗೆ ಸಲ್ಲುತ್ತದೆ. ಉಳಿದೆರಡು ಅವುಗಳ ಹಿಂದೆಯೋ ಮುಂದೆಯೋ ಸುಮ್ಮನೆ ಉರುಳುವ ಪರಿವಾರ. ಬಲ ಪಡೆದ ಚಕ್ರ ಕೆಸರಿನಲ್ಲಿ ಜಾರಿತೆಂದರೆ ಪಯಣ ಮುಗಿಯಿತು. ಜೀಪಿನ ವಂಶದ ಗಾಡಿಗಳಲ್ಲಿ ಗೇರು ಪೆಟ್ಟಿಗೆಯ ಪಕ್ಕದಲ್ಲಿ ಮತ್ತೊಂದು ಪೆಟ್ಟಿಗೆಯಿರುತ್ತದೆ. ಅದರ ಚಿಕ್ಕ ಸರಳನ್ನು ಎಳೆದರೆ ಮುಂದಿನ ಎರಡು ಚಕ್ರಗಳಿಗೂ ಬಲ ಹರಿದು ನಾಲ್ಕೂ ಕೂಡಿ ನೆಲವನ್ನು ಕಚ್ಚುತ್ತವೆ. ಇನ್ನೊಂದು ಹಂತ ಎಳೆದರೆ ವೇಗ ಇಳಿದು ಎಳೆಯುವ ಬಲ ಹೆಚ್ಚುತ್ತದೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಈ ಜಾತಿಯ ಬಂಡಿಯನ್ನು 1947ರಲ್ಲಿ, ಇಂದು ಮಹೀಂದ್ರವೆಂದು ಹೆಸರಾಗಿರುವ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದರು. ಯುದ್ಧಕ್ಕಾಗಿ ಹುಟ್ಟಿದ್ದು ನಮ್ಮಲ್ಲಿ ಒಕ್ಕಲುತನಕ್ಕೆ ಒದಗಿತು.

ಮಾವನವರದು 2008ರಲ್ಲಿ ಕೊಂಡ, ಹಿಂಬದಿ ಮುಚ್ಚಿದ, ನಾಲ್ಕು ಚಕ್ರಕ್ಕೂ ಬಲವಿರುವ ಡೀಸೆಲ್ ವ್ಯಾನು. ಅದು ಅವರಿಗೆ ಬಂಡಿಯಾಗಿದ್ದುದಕ್ಕಿಂತ ಮನೆಯಾಗಿದ್ದುದೇ ಹೆಚ್ಚು. ಮೆಣಸಿನಕಾಯಿ ತುಂಬಿದ ಲಾರಿ ಬ್ಯಾಡಗಿಗೆ ಹೊರಟರೆ ಅದರ ಬೆನ್ನಿಗೇ ಈ ವ್ಯಾನು ಹೊರಡುವುದು. ಮಾರುಕಟ್ಟೆಯಲ್ಲಿ ತಮ್ಮ ಚೀಲಗಳ ಸರದಿ ಬರುವವರೆಗೆ ಎರಡು ರಾತ್ರಿಯೋ ಮೂರು ರಾತ್ರಿಯೋ ಅದರಲ್ಲೇ ವಾಸ. ಹತ್ತಿಯ ಕಾಲಕ್ಕೆ ಆದೋನಿ, ಯುಗಾದಿಗೆ ಶ್ರೀಶೈಲ, ವರ್ಷಕ್ಕೊಮ್ಮೆ ಮಂತ್ರಾಲಯ. ಹಿಂದಿನ ಆಸನಗಳನ್ನು ಮಡಚಿ ಮೇಲೆ ಹಾಸಲು ಊರ ಬಡಗಿಯಿಂದ ಮಾಡಿಸಿದ ಮೂರು ಹಲಗೆ, ಅದರ ಮೇಲೊಂದು ಹತ್ತಿಯ ಗಾದಿ, ಕೆಳಗೆ ಸ್ಟೌವಿನ ಪೆಟ್ಟಿಗೆ, ಬಾಗಿಲಿಗೆ ಕಟ್ಟಿದ ನೀರಿನ ಕ್ಯಾನು, ಕಿಟಕಿಗೆ ಅತ್ತೆಯವರ ಹಳೆಯ ಸೀರೆಯ ಪರದೆ. ವಿದೇಶಗಳಲ್ಲಿ ಇಂಥವನ್ನು ಕ್ಯಾಂಪರ್ ವ್ಯಾನುಗಳೆಂದು ಲಕ್ಷಗಟ್ಟಲೆ ಬೆಲೆಗೆ ಮಾರುತ್ತಾರೆಂದು ನಾನು ಹೇಳಿದಾಗ ಅತ್ತೆಯವರು, “ಪರದೀಗೂ ರೊಕ್ಕ ಹಿಡೀತಾರೇನು?” ಎಂದು ಕೇಳಿದರು.

ಆಸನಗಳನ್ನು ಕೀಳಿಸದೆ ಹಲಗೆಗಳನ್ನು ಬೇಕೆಂದಾಗ ತೆಗೆದಿಡುವಂತೆ ಮಾಡಿಸಿದ್ದು ಮಾವನವರ ಜಾಣತನವೆಂದೇ ಹೇಳಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾಲೀಕನು ತನ್ನಿಚ್ಛೆಯಿಂದ ಮಾರ್ಪಡಿಸಲಾಗದು. ಆಸನ ಕಿತ್ತು, ಛಾವಣಿ ಎತ್ತರಿಸಿ, ಅಡುಗೆಮನೆ ಕೂಡಿಸಿದ ಗಾಡಿಗಳು ನೋಡಲು ಬಹು ಸೊಗಸು. ಆದರೆ ಮಾರುವ ಹೊತ್ತಿಗೆ ಕಾಗದದಲ್ಲಿರುವ ಗಾಡಿ ಒಂದು, ಅಂಗಳದಲ್ಲಿರುವ ಗಾಡಿ ಇನ್ನೊಂದು ಎಂಬಂತಾಗಿ ಕೊಳ್ಳುವವನು ಹಿಂದೆಗೆಯುತ್ತಾನೆ.

ನಾನು ಜಾಹೀರಾತಿನ ಮೊದಲ ವಾಕ್ಯವನ್ನು ಬರೆದೆ: ‘ಸುಸ್ಥಿತಿಯಲ್ಲಿರುವ, ಒಬ್ಬರೇ ಮಾಲೀಕರ...’

“ಸುಸ್ಥಿತಿ ಅಂತ ಯಾರು ಹೇಳಿದರು?” ಎಂದರು ಮಾವನವರು. “ಬರಕೋ. ಎಡಗಡೆ ಹಿಂದಿನ ಬಾಗಲ ತಳ ತುಕ್ಕು ತಿಂದೈತಿ. ಮಣ್ಣು ಕೂತು ಕೂತು ಹಂಗಾಗೈತಿ. ಕ್ಲಚ್ಚು ಹೋದ ವರ್ಷ ಹಾಕಿಸೀನಿ. ನಾಲ್ಕು ಚಕ್ರದ ಬಲ ಇನ್ನೂ ಗಟ್ಟಿ ಐತಿ, ಆದರ ಸರಳು ಎಳದಾಗ ಒಂದು ಸಲ ಗೊರ್ ಅಂತೈತಿ. ಎರಡು ಲಕ್ಷ ಅರವತ್ತು ಸಾವಿರ ಕಿಲೋಮೀಟರ್ ಓಡೈತಿ. ಮಳೀ ಜೋರಾದರ ಮುಂದಿನ ಗಾಜಿನ ಮೂಲ್ಯಾಗ ಒಂದು ಹನಿ ಸೋರತೈತಿ.”

ನಾನು ಲೇಖನಿಯನ್ನು ಕೆಳಗಿಟ್ಟೆ. ಹೀಗೆ ಬರೆದರೆ ಯಾರಾದರೂ ಕೊಳ್ಳುವರೇ ಎಂಬುದು ನನ್ನ ಶಂಕೆ. ಮಾವನವರದು ಬೇರೆಯೇ ಲೆಕ್ಕ. ಜಾತ್ರೆಯಲ್ಲಿ ಎತ್ತು ಮಾರಿದವರು ಅವರು. ಎತ್ತಿನ ವಯಸ್ಸನ್ನು ಹಲ್ಲು ಹೇಳುತ್ತದೆ, ಗುಣವನ್ನು ಸುಳಿ ಹೇಳುತ್ತದೆ, ನಡೆಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಬಹುದು. ಕೊಳ್ಳುವವನು ತಾನೇ ಕಾಣಬಲ್ಲ. ಮೋಟಾರಿನ ಹಲ್ಲುಗಳಾದರೋ ಕಬ್ಬಿಣದ ಪೆಟ್ಟಿಗೆಯ ಒಳಗಿವೆ. ಕಾಣದ ಮಾಲನ್ನು ಮಾರುವವನು ಕಂಡ ಮಾಲನ್ನು ಮಾರುವವನಿಗಿಂತ ಹೆಚ್ಚು ಹೇಳಬೇಕು ಎಂಬುದು ಅವರ ನ್ಯಾಯ. ಅದನ್ನು ಖಂಡಿಸುವ ತರ್ಕ ನನಗಾವುದೂ ಹೊಳೆಯಲಿಲ್ಲ. ಅವರು ಹೇಳಿದಂತೆಯೇ ಬರೆದುಕೊಟ್ಟೆ.

ಪರಿಣಾಮ ವಿಚಿತ್ರವಾಗಿದ್ದಿತು. ಬಂದವರ ಸಂಖ್ಯೆ ಕಡಿಮೆ. ಬಂದವರೆಲ್ಲರೂ ನಿಜವಾಗಿ ಕೊಳ್ಳಲು ಬಂದವರು. ಅವರಲ್ಲಿ ತಿಳಿದವರು ಗಾಡಿಯನ್ನು ಪರೀಕ್ಷಿಸಿದ ರೀತಿಯನ್ನು ನೋಡುವುದೇ ಒಂದು ಶಿಕ್ಷಣ. ಅವರು ಹೊಳೆಯುವ ಬಣ್ಣದ ಕಡೆಗೆ ಕಣ್ಣೆತ್ತಲೂ ಇಲ್ಲ. ನೆಲಕ್ಕೆ ಗೋಣಿ ಹಾಸಿ ಅಂಗಾತ ಮಲಗಿ, ಮಡ್‌ಗಾರ್ಡುಗಳ ಒಳಮೈಯನ್ನೂ ಚಾಸಿಯ ಉಕ್ಕನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ಸದ್ದು ಕೇಳಿದರು. ಎರೆಮಣ್ಣು ತೇವವನ್ನು ಹಿಡಿದಿಡುವುದರಿಂದ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ನಾಲ್ಕೂ ಟೈರುಗಳು ಒಂದೇ ಅಳತೆಯವೇ, ಸವೆತ ಸಮನಾಗಿದೆಯೇ ಎಂದು ನೋಡಿದರು. ಬಳಿಕ ಹೊಲದ ಮೆತ್ತನೆಯ ನೆಲಕ್ಕೆ ಒಯ್ದು ಚಿಕ್ಕ ಸರಳನ್ನು ಎಳೆದು, ಮುಂದಕ್ಕೂ ಹಿಂದಕ್ಕೂ ನಡೆಸಿ ಕಿವಿಗೊಟ್ಟರು. ಗಟ್ಟಿ ಡಾಂಬರಿನ ಮೇಲೆ ಈ ಪರೀಕ್ಷೆ ಸಲ್ಲದು. ಅಲ್ಲಿ ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ದೂರ ಕ್ರಮಿಸಬೇಕಾಗಿ, ಜಾರಲು ಎಡೆಯಿಲ್ಲದೆ ಗೇರುಗಳು ಒಂದನ್ನೊಂದು ಹಿಂಡುತ್ತವೆ. ನಾಲ್ಕು ಚಕ್ರದ ಬಲವನ್ನು ಸದಾ ಹಾಕಿಕೊಂಡೇ ಹೆದ್ದಾರಿಯಲ್ಲಿ ಓಡಿಸಿದ ಗಾಡಿಗಿಂತ, ಕೆಸರಿನಲ್ಲಿ ಮಾತ್ರ ಅದನ್ನು ಬಳಸಿದ ರೈತನ ಗಾಡಿ ಎಷ್ಟೋ ಮೇಲು.

ಮೂರನೆಯ ದಿನ ಒಬ್ಬ ದಲ್ಲಾಳಿ ಬಂದ. ಮಾತಿನಲ್ಲಿ ಜೇನು, ಕೈಯಲ್ಲಿ ನಗದು. ಮಾವನವರು ಕೇಳಿದ್ದು ಮೂರು ಲಕ್ಷ. ಅವನು ಒಂದು ಮಾತೂ ಚೌಕಾಸಿ ಮಾಡದೆ ಅಷ್ಟಕ್ಕೂ ಒಪ್ಪಿದ. ಅವನ ಬೇಡಿಕೆ ಒಂದೇ: “ಈ ಎರಡು ಫಾರಂಗೆ ರುಜು ಹಾಕಿ ಕೊಡ್ರಿ ಸಾಕು. ಉಳಿದದ್ದು ನಾ ತುಂಬಿಕೊಳ್ತೀನಿ.” ಅವು 29 ಮತ್ತು 30ನೆಯ ನಮೂನೆಗಳು. ಕೊಳ್ಳುವವನ ಹೆಸರಿರಬೇಕಾದ ಜಾಗ ಎರಡರಲ್ಲಿಯೂ ಖಾಲಿ.

ಈ ಖಾಲಿ ಜಾಗದ ಒಳಗುಟ್ಟನ್ನು ಓದುಗರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಇದು ಹಳ್ಳಿಯೊಂದರ ವ್ಯವಹಾರವಲ್ಲ, ಬೆಂಗಳೂರು ಮೈಸೂರುಗಳ ಬಡಾವಣೆಗಳಲ್ಲಿಯೂ ದಿನನಿತ್ಯ ನಡೆಯತಕ್ಕದ್ದು. ದಲ್ಲಾಳಿಯು ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರೆ ಶುಲ್ಕ ತೆರಬೇಕು. ಮಾಲೀಕರ ಸಂಖ್ಯೆಯೂ ಒಂದು ಹೆಚ್ಚಿ ಬೆಲೆ ತಗ್ಗುತ್ತದೆ. ಆದುದರಿಂದ ರುಜು ಹಾಕಿದ ಖಾಲಿ ನಮೂನೆಯನ್ನು ಇಟ್ಟುಕೊಂಡು, ಗಿರಾಕಿ ಸಿಕ್ಕಿದಾಗ ಅವನ ಹೆಸರು ತುಂಬುತ್ತಾನೆ. ಸಿಕ್ಕುವವರೆಗೆ ಆರು ತಿಂಗಳಾದರೂ ಆದೀತು. ಅಷ್ಟು ಕಾಲ ಗಾಡಿ ಯಾರ ಕೈಯಲ್ಲಿ, ಯಾವ ಊರಿನಲ್ಲಿ, ಏನನ್ನು ಹೊತ್ತು ಓಡುತ್ತಿದೆಯೋ ಬಲ್ಲವರಿಲ್ಲ. ಸರಕಾರದ ದಾಖಲೆಯಲ್ಲಿ ಮಾತ್ರ ಅದು ಇನ್ನೂ ಹಳೆಯ ಯಜಮಾನನದೇ.

ಇದರ ಫಲವೇನೆಂಬುದಕ್ಕೆ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯನ್ನು ಹೇಳುತ್ತೇನೆ. ಉತ್ತರ ಭಾರತದಲ್ಲಿ ಒಬ್ಬರು ತಮ್ಮ ಕಾರನ್ನು 2007ರಲ್ಲಿ ಮಾರಿದರು. ಕೊಂಡವನು ಮತ್ತೊಬ್ಬನಿಗೆ, ಅವನು ಮಗುದೊಬ್ಬನಿಗೆ ಎಂದು ಕಾರು ಕೈಯಿಂದ ಕೈಗೆ ಸಾಗಿತು. ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಅದೇ ಕಾರು ಹಿಂದಕ್ಕೆ ಚಲಿಸುವಾಗ ಇಬ್ಬರಿಗೆ ತಗುಲಿ ಒಬ್ಬರ ಪ್ರಾಣ ಹೋಯಿತು. ಪರಿಹಾರ ಕೊಡತಕ್ಕವರು ಯಾರು? ಮೊದಲ ಯಜಮಾನರು ಕಾರನ್ನು ಕೊಟ್ಟು ಎರಡು ವರ್ಷಗಳಾಗಿ ಹೋಗಿದ್ದವು. ಆದರೂ 2018ರ ಫೆಬ್ರವರಿ 6ರಂದು ನ್ಯಾಯಾಲಯವು, ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವನೇ ಕಾಯಿದೆಯ ದೃಷ್ಟಿಯಲ್ಲಿ ಮಾಲೀಕನೆಂದೂ ಹೊಣೆ ಅವನದೆಂದೂ ತೀರ್ಪಿತ್ತಿತು. ಅನ್ಯಾಯವಲ್ಲವೇ ಎಂದು ಮೊದಲಿಗೆ ಅನ್ನಿಸುವುದು ಸಹಜ. ಆದರೆ ಸತ್ತವನ ಮನೆಯವರ ಕಡೆಯಿಂದ ನೋಡಿರಿ. ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಊರೂರು ಅಲೆದು ಪತ್ತೆ ಮಾಡುವ ಭಾರವನ್ನು ಶೋಕದಲ್ಲಿರುವವರ ಮೇಲೆ ಹೊರಿಸಲಾಗದು. ಅವರಿಗೆ ಸಿಕ್ಕುವುದು ಗಾಡಿಯ ಸಂಖ್ಯೆ. ಸಂಖ್ಯೆ ಹೇಳುವುದು ಒಂದೇ ಹೆಸರು.

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ಸಾಲಕ್ಕೆ ಹೇಳುತ್ತಾರೆ. ಹೆಸರು ಬದಲಾಯಿಸದೆ ಗಾಡಿ ಕೊಟ್ಟವನಿಗೂ ಅದು ಚೆನ್ನಾಗಿಯೇ ಒಪ್ಪುತ್ತದೆ.

ವಿಚಿತ್ರವೆಂದರೆ, ಈ ವಿಷಯದಲ್ಲಿ ಒಂದು ಕುಂಟೆ ನೆಲಕ್ಕಿರುವ ಎಚ್ಚರ ನಮಗೆ ಓಡುವ ಗಾಡಿಯ ವಿಷಯದಲ್ಲಿಲ್ಲ. ಖಾಲಿ ಕಾಗದಕ್ಕೆ ರುಜು ಹಾಕಿ ಹೊಲ ಮಾರುವವರುಂಟೇ? ನೋಂದಣಿಯಾಗಿ, ಖಾತೆ ಬದಲಾಗಿ, ಪಹಣಿಯಲ್ಲಿ ಹೆಸರು ಕಾಣುವವರೆಗೆ ಕೊಂಡವನಿಗೆ ನಿದ್ರೆಯಿಲ್ಲ. ಆದರೆ ಹೊಲವು ಬೇಲಿ ದಾಟಿ ಹೋಗಿ ಯಾರ ಮೇಲೂ ಹರಿಯದು. ಹರಿಯಬಲ್ಲ ವಸ್ತುವನ್ನು ನಾವು ಇಪ್ಪತ್ತು ರೂಪಾಯಿಯ ಛಾಪಾ ಕಾಗದವನ್ನು ನಂಬಿ ಕೈಬಿಡುತ್ತೇವೆ.

ದಲ್ಲಾಳಿಗೆ ಮಾವನವರು ಹೆಚ್ಚೇನೂ ಹೇಳಲಿಲ್ಲ. “ನಿನ್ನ ಹೆಸರು ಬರಿ, ಬಳ್ಳಾರಿಗೆ ಕೂಡೇ ಹೋಗೋಣ” ಎಂದರಷ್ಟೆ. ಅವನು ನಕ್ಕು, ಚಹ ಕುಡಿದು ಹೊರಟುಹೋದ. ಹಾಗೆಂದು ವ್ಯಾಪಾರಿಗಳೆಲ್ಲರೂ ಅಂಥವರೆನ್ನಲಾಗದು. ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆದು, ಗಾಡಿ ತಮ್ಮ ಸ್ವಾಧೀನಕ್ಕೆ ಬಂದ ಸಂಗತಿಯನ್ನು ವರದಿ ಮಾಡುವ ಏರ್ಪಾಡನ್ನು ಕೇಂದ್ರ ಸರಕಾರವು 2022ರ ಡಿಸೆಂಬರಿನಲ್ಲಿ ನಿಯಮವಾಗಿ ಪ್ರಕಟಿಸಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಾಪಾರಿಯ ಮೂಲಕ ಮಾರುವವರು ಆ ಅಧಿಕಾರಪತ್ರವನ್ನು ತೋರಿಸೆಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಕೊನೆಗೆ ಗಾಡಿಯನ್ನು ಕೊಂಡವರು ಆದೋನಿಯ ಕಡೆಯ ಒಬ್ಬ ಹತ್ತಿಯ ಬೆಳೆಗಾರರು. ಅವರು ಹೇಳಿದ ಬೆಲೆ ಎರಡು ಲಕ್ಷ ಎಂಬತ್ತು ಸಾವಿರ. ಇಲ್ಲಿ ಇತಿಹಾಸವೂ ವ್ಯಾಪಾರದ ನಡುವೆ ಬಂದು ಕುಳಿತಿತು. ಮದರಾಸಿನ ಆಡಳಿತದಲ್ಲಿ ಸಿರುಗುಪ್ಪವೂ ಆದೋನಿಯೂ ಬಳ್ಳಾರಿ ಎಂಬ ಒಂದೇ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದೋನಿ, ಆಲೂರು, ರಾಯದುರ್ಗಗಳು ಆಚೆಗೆ ಸಂದವು. ಸಿರುಗುಪ್ಪವು ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು. ಜನರ ನಂಟು, ಹತ್ತಿಯ ವ್ಯಾಪಾರ, ಎರಡು ಭಾಷೆಗಳ ಮಾತು—ಯಾವುದೂ ಆ ಗೆರೆಯನ್ನು ಲೆಕ್ಕಿಸಲಿಲ್ಲ. ಮೋಟಾರು ಮಾತ್ರ ಲೆಕ್ಕಿಸಲೇಬೇಕು. ಬೇರೆ ರಾಜ್ಯಕ್ಕೆ ಮಾರುವ ಗಾಡಿಗೆ ಮೂಲ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ 28ನೆಯ ನಮೂನೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿಯೇ ಇಡುವುದಾದರೆ ಅಲ್ಲಿಯ ಹೊಸ ಸಂಖ್ಯೆಯನ್ನೂ ಪಡೆಯಬೇಕು.

ಮಾವನವರ ಗಾಡಿಗೆ 2008ರಲ್ಲಿ ಬ್ಯಾಂಕಿನ ಸಾಲವಿದ್ದಿತು. ಸಾಲ ತೀರಿ ಬಹಳ ವರ್ಷಗಳಾಗಿದ್ದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಅಡಮಾನದ ನಮೂದು ಹಾಗೆಯೇ ಕುಳಿತಿದ್ದಿತು. ಇದು ಸಾವಿರಾರು ಮನೆಗಳ ಕಥೆ; ಕಡೆಯ ಕಂತು ಕಟ್ಟಿದ ಸಂತೋಷದಲ್ಲಿ ಬ್ಯಾಂಕಿನಿಂದ 35ನೆಯ ನಮೂನೆಯನ್ನು ಪಡೆದು ಆ ನಮೂದನ್ನು ತೆಗೆಸುವುದು ಯಾರಿಗೂ ನೆನಪಾಗದು. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಗಳಿಗೆ ನವೀಕರಿಸಬೇಕೆಂಬ ನಿಯಮವನ್ನು ಅವರು 2023ರಲ್ಲಿಯೇ ಪಾಲಿಸಿದ್ದುದರಿಂದ ಆ ಒಂದು ತೊಡಕು ಇರಲಿಲ್ಲ. ಬ್ಯಾಂಕು, ಬಳ್ಳಾರಿಯ ಕಚೇರಿ, ಹಳೆಯ ದಂಡಗಳ ಪಾವತಿ ಎಂದು ಐದು ವಾರಗಳು ಹಿಡಿದವು. ಅಷ್ಟೂ ದಿನ ಗಾಡಿ ಹಚ್ಚೊಳ್ಳಿಯ ಬೇವಿನ ಮರದ ಕೆಳಗೇ ನಿಂತಿತ್ತು. ಕೊಂಡವರು ಮುಂಗಡ ಕೊಟ್ಟಿದ್ದರೂ ಕೀಲಿಕೈಗೆ ಅವಸರಪಡಲಿಲ್ಲ. ತುಕ್ಕಿನ ವಿಷಯವನ್ನು ಮೊದಲೇ ಹೇಳಿದವರು ಕಾಗದದ ವಿಷಯದಲ್ಲಿ ಮೋಸ ಮಾಡಲಾರರೆಂದು ಅವರಿಗೆ ನಂಬಿಕೆ ಬಂದಿದ್ದಿತು. ಇಪ್ಪತ್ತು ಸಾವಿರ ಕಡಿಮೆಯಾಯಿತಲ್ಲ ಎಂದು ನೆರೆಯವರು ಮರುಗಿದರು. ಮಾವನವರು, “ಅದು ನನ್ನ ಹೆಸರಿನ ಬೆಲಿ. ಅದನ್ನ ಮಾರಿಲ್ಲ” ಎಂದರು. ಅತ್ತೆಯವರು ಪರದೆಗಳನ್ನು ಬಿಚ್ಚಿ ಒಗೆದಿಟ್ಟುಕೊಂಡರು. ಹಲಗೆಗಳನ್ನು ಮಾತ್ರ ಕೊಂಡವರಿಗೇ ಬಿಟ್ಟುಕೊಟ್ಟರು. ಆ ಮನೆಯಲ್ಲಿಯೂ ಶ್ರೀಶೈಲಕ್ಕೆ ಹೋಗುವ ಮಕ್ಕಳಿದ್ದರಂತೆ.

ಈ ವರ್ಷ ತಮ್ಮ ಗಾಡಿಯನ್ನು ಮಾರಲಿರುವ ಓದುಗರಿಗೆ ನಾಲ್ಕು ಮಾತು. ಮಾರಿದ ಹದಿನಾಲ್ಕು ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸುವುದು ಮಾರಿದವರ ಕರ್ತವ್ಯ. ಬೇರೆ ರಾಜ್ಯಕ್ಕಾದರೆ ನಲವತ್ತೈದು ದಿನಗಳ ಅವಧಿಯುಂಟು. ಮೂವತ್ತು ದಿನಗಳೊಳಗೆ ವರದಿ ಮಾಡಿ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಡುವುದು ಕೊಂಡವರ ಕರ್ತವ್ಯ. ವಿಮೆಯ ವರ್ಗಾವಣೆಗೆ ಕೊಂಡವರು ಹದಿನಾಲ್ಕು ದಿನಗಳಲ್ಲಿ ಕಂಪೆನಿಗೆ ಬರೆಯಬೇಕು. ಅಪಘಾತವಿಲ್ಲದೆ ಓಡಿಸಿ ಗಳಿಸಿದ ರಿಯಾಯಿತಿ ಮಾತ್ರ ಗಾಡಿಯೊಡನೆ ಹೋಗದೆ ಮಾರಿದವರಲ್ಲಿಯೇ ಉಳಿಯುತ್ತದೆ, ಮುಂದಿನ ಗಾಡಿಗೆ ಒದಗುತ್ತದೆ. ನಾಲ್ಕನೆಯದು, ಹಣ ಕೈಗೆ ಬಂದು ತಿಂಗಳಾದ ಮೇಲೂ ಒಮ್ಮೆ ಸರಕಾರದ ಪರಿವಾಹನ್ ತಾಣದಲ್ಲಿ ಗಾಡಿಯ ಸಂಖ್ಯೆಯನ್ನು ಕೊಟ್ಟು ಹೆಸರು ಬದಲಾಯಿತೇ ಎಂದು ನೋಡುವುದು. ಐದು ನಿಮಿಷದ ಕೆಲಸ. ಮನೆಯಲ್ಲಿ ಮಗನೋ ಮಗಳೋ ಸದಾ ಫೋನು ಹಿಡಿದೇ ಇರುತ್ತಾರಾದುದರಿಂದ, ಆ ಹವ್ಯಾಸಕ್ಕೆ ಅಂದಾದರೂ ಒಂದು ಸಾರ್ಥಕತೆ ಒದಗೀತು.

ಹಳೆಯ ಗಾಡಿಗೆ ಬೆಲೆ ಕಟ್ಟುವಾಗ ನಾವು ಎಂಜಿನ್ನನ್ನು ನೋಡುತ್ತೇವೆ, ಟೈರನ್ನು ನೋಡುತ್ತೇವೆ, ಅದು ನಡೆದ ಮೈಲಿಗಳನ್ನು ಎಣಿಸುತ್ತೇವೆ. ಅದರ ಮುಂದೆ ನಾಳೆ ಯಾರ ಮಗು ರಸ್ತೆ ದಾಟಲಿದೆಯೆಂಬುದು ಮಾರುವವರಿಗೂ ತಿಳಿಯದು, ಕೊಳ್ಳುವವರಿಗೂ ತಿಳಿಯದು. ತಿಳಿಯದ ಆ ಒಂದು ಗಳಿಗೆಗಾಗಿಯೇ ಗಾಡಿಯ ಮೇಲೆ ಸರಿಯಾದ ಹೆಸರು ಇರಬೇಕು.